ಬೋಲ್ಟಿನ ಸಾಲು

ಸಿಮೆಂಟ್ ಶೀಟಿನ ಮಾಡಿನ ಮೇಲೆ ಬೋಲ್ಟುಗಳ ಸಾಲು ಹಿಡಿದೇ ನಡೆಯಬೇಕು. ಅದರಡಿ ಕಬ್ಬಿಣದ ಪೈಪಿರುತ್ತದೆ, ಭಾರ ಹೊರುತ್ತದೆ. ಉಳಿದೆಡೆ ಬರೀ ಶೀಟು. ಅತ್ತೆ ನೂರು ಸಲ ಹೇಳಿದ್ದರು. ಟೊಮೆಟೊ ಒಣಗಿಸಲು ಪ್ರತಿ ವರ್ಷ ಅವರೇ ಹತ್ತುತ್ತಿದ್ದರು. ಈ ಸಲ ಅವರ ಮಂಡಿ ಊದಿತ್ತು, ನಾನು ಹತ್ತಿದೆ.

ಬೆಳಿಗ್ಗೆ ದಪ್ಪ ಬೆಡ್‌ಶೀಟ್ ಹಾಸಿ, ಉಪ್ಪು ಸವರಿದ ಹೋಳುಗಳನ್ನು ಹರಡಿ ಇಳಿದಿದ್ದೆ. ಮಧ್ಯಾಹ್ನ ಒಂದೊಂದೇ ಮಗುಚುತ್ತ, ಮಂಡಿಯೂರಿ ನಡುವಿನವರೆಗೆ ಬಂದಾಗ ಕೆಳಗೆ ಲಟ್ ಎಂದಿತು. ಆಗ ಹೊಳೆಯಿತು: ಬೋಲ್ಟುಗಳ ಮೇಲೇ ಬೆಡ್‌ಶೀಟ್ ಹಾಸಿಬಿಟ್ಟಿದ್ದೆ.

ಕೆಳಗಿದ್ದದ್ದು ನನ್ನ ಗಂಡನ ವೆಲ್ಡಿಂಗ್ ಶೆಡ್ಡು. ಅವರು ಹೊರಗೆ ಹೋಗಿದ್ದರು. ಹನ್ನೆರಡು ಅಡಿ ಕೆಳಗೆ, ಮೊನೆಗಳು ಮೇಲಾಗಿ ನಿಲ್ಲಿಸಿದ ಗೇಟು.

"ಅತ್ತೇ!"

ಅವರು ಕುಂಟುತ್ತ ಶೆಡ್ಡಿನೊಳಗೆ ಬಂದದ್ದು ಕೇಳಿಸಿತು. "ಏನೇ ಸದ್ದು ಅದು? ಬಿದ್ಯಾ?"

"ಇನ್ನೂ ಇಲ್ಲ. ಬೋಲ್ಟು ಕಾಣ್ತಿಲ್ಲ. ಬೆಡ್‌ಶೀಟು ಅದರ ಮೇಲೇ ಹಾಸಿದೀನಿ."

"ನಿನ್ನ ಬುದ್ಧಿಗೆ ಬೆಂಕಿ ಹಾಕ! ಏಳ್ಬೇಡ. ಕೈಕಾಲು ಅಗಲಿಸಿ ಬೋರಲು ಮಲಕ್ಕೋ."

"ಟೊಮೆಟೊ ಮೇಲಾ?"

"ಇಲ್ಲ, ಬಂದು ಹಾಸಿಗೆ ಹಾಸ್ಕೊಡ್ತೀನಿ! ಮಲಕ್ಕೊಳ್ಳೇ!"

ಮಲಗಿದೆ. ಹೋಳುಗಳು ಕೆನ್ನೆಗೆ ಅಂಟಿದವು. ತರಚಿದ ಮೊಣಕೈಗೆ ಉಪ್ಪು ಉರಿಯಿತು. ಬಿರುಕು ಎಲ್ಲಿಯವರೆಗೆ ಹೋಗಿದೆಯೋ ಕಾಣುತ್ತಿರಲಿಲ್ಲ. ಉಸಿರೆಳೆದರೂ ಶೀಟು ಕಿರುಗುಟ್ಟುತ್ತಿತ್ತು.

ಟಣ್. ಅತ್ತೆ ಶಟರ್ ಎಳೆಯುವ ಉದ್ದ ಕೋಲಿನಿಂದ ಪೈಪಿಗೆ ಬಡಿದಿದ್ದರು.

"ಪೈಪು ಇಲ್ಲಿದೆ. ಗೊತ್ತಾಯ್ತಾ?"

"ಬಲಗಡೆ. ಒಂದು ಮೊಳ ದೂರ."

"ನಿಧಾನಕ್ಕೆ ಹೊರಳು. ಆಮೇಲೆ ಗೋಡೆ ಕಡೆ ತೆವಳು. ನಾನು ಹೊಡೀತಾ ಹೋಗ್ತೀನಿ, ಸ್ಕೂಲ್ ಬೆಲ್ ಅನ್ಕೊಂಡು ಬಾ."

ಹೊರಳಿದೆ. ಮತ್ತೆ ಲಟ್ ಎಂದಿತು. ಕಾಲ ಬಳಿ ಶೀಟಿನ ಚೂರೊಂದು ಕಳಚಿ ಗೇಟಿನ ಮೇಲೆ ಬಿದ್ದು ಪುಡಿಯಾಯಿತು. ಅತ್ತೆ ಕಿರುಚಿದರು. ಆದರೆ ಬಡಿತ ನಿಲ್ಲಿಸಲಿಲ್ಲ. ಈಗ ಟಣ್ ಎಂಬುದು ನನ್ನ ಎದೆಯೊಳಗೇ ಬಡಿಯುತ್ತಿತ್ತು, ಅಂದರೆ ಪೈಪಿನ ಮೇಲಿದ್ದೆ. ಒಂದು ಗೇಣು ತೆವಳುವುದು, ಕಾಯುವುದು, ಮತ್ತೊಂದು ಗೇಣು. ಕೊನೆಗೆ ಮಾಡಿಗಿಂತ ತುಸು ಎತ್ತರವಿದ್ದ ಶೆಡ್ಡಿನ ಗೋಡೆ ಕೈಗೆ ಸಿಕ್ಕಿತು. ಅದರ ಮೇಲೆ ಹತ್ತಿ ಕೂತೆ.

ಕೆಳಗೆ ಬಡಿತ ನಡೆದೇ ಇತ್ತು. "ಬಂದ್ಯಾ? ಏ, ಬಂದ್ಯೇನೇ?"

ಬಾಯಿ ತೆರೆದೆ. ಬರೀ ಗಾಳಿ ಬಂತು.

ಬಡಿತ ದಿಕ್ಕುತಪ್ಪಿತು. ಒಮ್ಮೆ ಪೈಪಿಗೆ, ಒಮ್ಮೆ ಗೋಡೆಗೆ. "ಮಾತಾಡೇ ನನ್ನಮ್ಮ... ಒಂದ್ಸಲ ಮಾತಾಡೇ." ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಅವರ ಆ ದನಿ ನಾನು ಕೇಳಿರಲಿಲ್ಲ.

ಅಂಗೈಯಿಂದ ಗೋಡೆಗೆ ಬಡಿದೆ. ಒಳಗೆ ಕೋಲು ನೆಲಕ್ಕೆ ಬಿತ್ತು. ಆಮೇಲೆ ಬೈಗುಳ ಶುರುವಾಯಿತು.