ಅನುರಾಧಾಳ ಸೈಟೇಶನ್

ನನ್ನ ಮಗಳು ಅನುರಾಧಾ ದ್ರಾಕ್ಷಿಯ ವಂಶವಾಹಿಗಳನ್ನು ಅಭ್ಯಾಸ ಮಾಡುವ ವಿಜ್ಞಾನಿ. ಸಂಭಾಜಿನಗರದ ಕಾಲೇಜೊಂದರಲ್ಲಿದ್ದಾಳೆ. ನಾನು ಭಾಲ್ಕಿಯಿಂದ ಬಂದು ನಾಸಿಕದ ಕಡೆಯ ಪಿಂಪಳಗಾಂವ್ ಬಸವಂತದಲ್ಲಿ ದ್ರಾಕ್ಷಿ ವ್ಯಾಪಾರಕ್ಕೆ ನಿಂತವನು. ನಾನು ಹಣ್ಣು ಮಾರುತ್ತೇನೆ, ಅವಳು ಎಲೆ ಅರೆಯುತ್ತಾಳೆ.

ಪ್ರೊಫೆಸರ್ ಹುದ್ದೆಯ ಸಂದರ್ಶನದ ದಿನ ಅವಳು ಎಲೆ ಆರಿಸಲು ನಮ್ಮಲ್ಲಿಗೇ ಬಂದಿದ್ದಳು. ಲ್ಯಾಪ್‌ಟಾಪಿನಲ್ಲೇ ಸಂದರ್ಶನ. ಹಿಂದೆ ಎರಡು ಸಲ ಹುದ್ದೆ ಕೈತಪ್ಪಿತ್ತು. ಈ ಸಲವೂ ತಪ್ಪಿದರೆ ಅವಳು ಕಟ್ಟಿದ ಪ್ರಯೋಗಾಲಯ ಬೇರೆಯವರ ಪಾಲು. ಸೈಟೇಶನ್ ಕಡಿಮೆ ಎಂಬುದೇ ಅಡ್ಡಿ. ಸೈಟೇಶನ್ ಅಂದರೆ ಬೇರೆ ವಿಜ್ಞಾನಿಗಳು ತಮ್ಮ ಲೇಖನದಲ್ಲಿ ನಿಮ್ಮ ಲೇಖನವನ್ನು ಹೆಸರಿಸುವುದು. ಅದು ಹೆಚ್ಚಿದ್ದಷ್ಟೂ ನಿಮಗೆ ಬೆಲೆ.

"ಅಪ್ಪಾ, ನಡುವ ಬಾಯಿ ಹಾಕಬ್ಯಾಡ್ರಿ," ಎಂದು ನನ್ನನ್ನೂ ಅಳಿಯ ರವಿಕಾಂತನನ್ನೂ ಮೂಲೆಗೆ ಕೂರಿಸಿದಳು. ನನ್ನ ಹೆಂಡತಿ ಮಲ್ಲಮ್ಮ ಅಡುಗೆಮನೆಯಲ್ಲಿ ಸದ್ದಾಗದಂತೆ ರೊಟ್ಟಿ ಬಡಿಯಲು ನೋಡುತ್ತಿದ್ದಳು. ಅದು ಯಾರ ಕೈಲೂ ಆಗದ ಕೆಲಸ.

ಸಮಿತಿಯ ಮುಖ್ಯಸ್ಥೆ ಶ್ರೀಜಾ ಮೇಡಂ ಮರಾಠಿಯಲ್ಲಿ ನೇರವಾಗಿ ಕೇಳಿದರು. "ದ್ರಾಕ್ಷಿಯ ಬೂಜು ರೋಗದ ಮೇಲೆ ಅನುರಾಧಾ ವಿಶ್ವನಾಥಪ್ಪ ಅನ್ನುವವರ ಹಳೆಯ ಲೇಖನವಿದೆ. ಜಗತ್ತೆಲ್ಲ ಅದನ್ನು ಹೆಸರಿಸುತ್ತದೆ. ನೀವು ಅದೇ ವಿಷಯ ಬರೆಯುತ್ತೀರಿ, ಅವರ ಹೆಸರನ್ನು ಒಮ್ಮೆಯೂ ಎತ್ತಿಲ್ಲ. ಓದಿಲ್ಲವೋ, ಓದಿ ಮುಚ್ಚಿಟ್ಟಿರೋ?"

ವಿಶ್ವನಾಥಪ್ಪ ಎಂದರೆ ನಾನೇ. ಮದುವೆಗೆ ಮುಂಚೆ ಅವಳ ಹೆಸರಿನ ಹಿಂದೆ ನನ್ನ ಹೆಸರಿತ್ತು. ಮದುವೆಯಾದ ಮೇಲೆ ಇಲ್ಲಿಯ ರೂಢಿಯಂತೆ ನನ್ನದು ಹೋಗಿ ಗಂಡನದು ಬಂತು. ಕಂಪ್ಯೂಟರಿನ ಲೆಕ್ಕದಲ್ಲಿ ಇಬ್ಬರು ಹೆಂಗಸರಾದರು.

"ಅದು ನಾನೇ, ಮೇಡಂ," ಎಂದಳು ಅನುರಾಧಾ. "ಅರ್ಜಿಯಲ್ಲಿ ಇತ್ತೀಚಿನ ಲೇಖನ ಮಾತ್ರ ಕೇಳಿದ್ದಿರಿ. ನನ್ನ ಕೆಲಸವನ್ನು ನಾನೇ ಹೆಸರಿಸಿದರೆ ಜಂಬ ಕೊಚ್ಚಿಕೊಂಡಂತೆ ಆಗುತ್ತದೆ ಅಂತ ಬಿಟ್ಟೆ."

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನನ್ನ ದ್ರಾಕ್ಷಿ ಸಿಹಿ ಎಂದು ಬೆಳಗಿನಿಂದ ಗಂಟಲು ಹರಿದುಕೊಳ್ಳುವವನ ಹೊಟ್ಟೆಯಲ್ಲಿ ಇಂಥ ಮಗಳು!

ಶ್ರೀಜಾ ಮೇಡಂ ನಂಬಲಿಲ್ಲ. "ಹಾಗಿದ್ದರೆ ಒಂದು ಹೇಳಿ. ಎಲೆಗಳಿಂದ ತೆಗೆದ ಡಿಎನ್‌ಎ ಆ ಲೇಖನದ ಚಿತ್ರದಲ್ಲಿ ಬಿಳಿ ಪಟ್ಟೆಗಳಾಗಿ ಕಾಣುತ್ತದೆ. ನಾಲ್ಕನೆಯ ಜಾಗ ಖಾಲಿ. 'ಮಾದರಿ ಕೆಟ್ಟಿತ್ತು' ಎಂದಷ್ಟೇ ಬರೆದಿದೆ. ಹೇಗೆ ಕೆಟ್ಟಿತು? ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ."

ಮಗಳು ಅಡುಗೆಮನೆಯ ಕಡೆ ನೋಡಿದಳು.

"ನಮ್ಮವ್ವ ವಿಭೂತಿ ಹಾಕಿದ್ದರು, ಮೇಡಂ. ಹೊಸ ಕೆಲಸದ ಮೊದಲ ಸರಕು ನಮ್ಮ ಮನೆಯಿಂದ ವಿಭೂತಿ ಇಲ್ಲದೆ ಹೊರಡುವುದಿಲ್ಲ. ಬಸ್ಸಿಗೆ ಕಳಿಸುವ ಮುಂಚೆ ಒಂದು ಚೀಲದ ಎಲೆಗಳಿಗೆಲ್ಲ ಬಳಿದಿದ್ದರು. ಆ ಎಲೆಗಳಿಂದ ಏನೂ ಹೊರಡಲಿಲ್ಲ. ಅದನ್ನು ಲೇಖನದಲ್ಲಿ ಹೇಗೆ ಬರೆಯಲಿ?"

ರೊಟ್ಟಿಯ ಸದ್ದು ನಿಂತಿತು. ಮಲ್ಲಮ್ಮ ಹಿಟ್ಟಿನ ಕೈಯಲ್ಲೇ ಬಂದು ಕ್ಯಾಮೆರಾದ ಮುಂದೆ ನಿಂತಳು.

"ನಾನೇ ಹಚ್ಚೀನ್ರಿ. ಎಲ್ಲಾ ಚೀಲಕ್ಕೂ ಹಚ್ಚಬೇಕಂತ ಮಾಡಿದ್ದೆ. ವಿಭೂತಿ ತೀರಿ ಹೋತು."

ಅನುರಾಧಾ ಇದನ್ನು ಮರಾಠಿಯಲ್ಲಿ ಹೇಳಿದಾಗ ಸಮಿತಿಯವರಿಗೆ ನಗು ತಡೆಯಲಾಗಲಿಲ್ಲ. ಶ್ರೀಜಾ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಂಥದ್ದನ್ನು ಯಾರೂ ಕಟ್ಟಿ ಹೇಳಲಾರರು ಎಂದರು. ಇಬ್ಬರು ಅನುರಾಧಾರನ್ನು ಕೂಡಿಸಿದರೆ ಸೈಟೇಶನ್ನಿಗೆ ಬರವೇ ಇರಲಿಲ್ಲ.

"ನಾವು ನಿಮ್ಮನ್ನೇ ಆರಿಸುತ್ತೇವೆ," ಎಂದರು ಮೇಡಂ. "ಆದರೆ ಇನ್ನು ಮೇಲೆ ಒಂದೇ ಹೆಸರು ಇಟ್ಟುಕೊಳ್ಳಿ. ಯಾವುದು ಬರೆಯಲಿ?"

ಅನುರಾಧಾ ನಮ್ಮಿಬ್ಬರ ಕಡೆ ತಿರುಗಿದಳು. ನನ್ನ ಹೆಸರೇ ಇರಲಿ ಎಂದು ನನಗೆ ಎಷ್ಟು ಆಸೆ ಆಗಿತ್ತೆಂದರೆ ನಾಚಿಕೆಯೂ ಆಯಿತು. ಅಳಿಯ ಪಕ್ಕದಲ್ಲೇ ಕೂತಿದ್ದ. ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ರವಿಕಾಂತನೇ ಮೆಲ್ಲಗೆ ಹೇಳಿದ. "ಜಗತ್ತಿಗೆ ಗೊತ್ತಿದ್ದ ಹೆಸರೇ ಹೇಳು, ಅನು. ನಾ ಎಲ್ಲಿಗೂ ಹೋಗಂಗಿಲ್ಲ, ಮನ್ಯಾಗೇ ಇರ್ತೀನಿ."

"ಅನುರಾಧಾ ವಿಶ್ವನಾಥಪ್ಪ," ಎಂದಳು ಮಗಳು.

ನನ್ನ ಹೆಸರನ್ನು ಮಾರುಕಟ್ಟೆಯಲ್ಲಿ ದಿನಾ ನೂರು ಜನ ಕೂಗುತ್ತಾರೆ. ಅವತ್ತು ಅದನ್ನು ಕೇಳಿ ನನಗೆ ಅಳು ಬಂತು. ಎದ್ದವನೇ ಅಳಿಯನನ್ನು ತಬ್ಬಿಕೊಂಡೆ. ಕ್ಯಾಮೆರಾ ಇನ್ನೂ ಚಾಲೂ ಇತ್ತು.