ಹನ್ನೊಂದು ತಾಸಿನ ಮದುವೆ

ಐಗಳಿಯ ಗಂಗೂಬಾಯಿ ಮೊದಲ ಬಸ್ಸಿಗೇ ರಾಯಬಾಗಕ್ಕೆ ಬಂದು ಸ್ಟುಡಿಯೋದ ಬಾಗಿಲಲ್ಲಿ ನಿಂತಾಗ ಉಜ್ವಲಾ ಇನ್ನೂ ಕಸ ಗುಡಿಸುತ್ತಿದ್ದಳು. ಗಂಗೂಬಾಯಿಯ ಮಗಳ ಮದುವೆಯಾಗಿ ಎರಡು ತಿಂಗಳಾಗಿತ್ತು. ವಿಡಿಯೋ ಮಾತ್ರ ಕೈಗೆ ಬಂದಿರಲಿಲ್ಲ.

"ನಾಳೆ, ನಾಡದ ಅಂತ ಕೇಳಿ ಕೇಳಿ ಸಾಕಾತು ತಂಗಿ. ಇವತ್ತ ತಗೊಂಡ ಹೋಗಾಕಿ ನಾ" ಎಂದವಳೇ ಕಂಪ್ಯೂಟರ್ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಳು.

ಉಜ್ವಲಾ ಏನು ಹೇಳಿಯಾಳು? ಗಂಡ ಶಿವಾಜಿ ಶೂಟಿಂಗ್ ಮಾಡಿ ತಂದುಕೊಡುತ್ತಿದ್ದ, ಮಿಕ್ಸಿಂಗ್ ಪೂರ್ತಿ ಅವಳದು. ಈ ಮದುವೆಯನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಇಪ್ಪತ್ತು ದಿನವಾಗಿತ್ತು. ಎಲ್ಲವನ್ನೂ ಒಂದು ಫೈಲು ಮಾಡಿ ಹೊರಗೆ ತೆಗೆಯುವುದೊಂದೇ ಬಾಕಿ. ಹತ್ತು ವರ್ಷದ ಹಳೆಯ ಕಂಪ್ಯೂಟರ್ ಅದಕ್ಕೆ ಹನ್ನೊಂದು ತಾಸು ತೋರಿಸುತ್ತಿತ್ತು. ಅಷ್ಟೂ ಹೊತ್ತು ದುಡಿದಿದ್ದರೆ ಹೇಗೋ ಸಹಿಸಬಹುದಿತ್ತು, ಆದರೆ ನಡುವೆ ತಾನಾಗಿಯೇ ಬಂದ್ ಬೀಳುತ್ತಿತ್ತು. ಮತ್ತೆ ಮೊದಲಿನಿಂದ.

ಮೂರು ವಾರದಿಂದ ಮನೆಯಲ್ಲಿ ಇದೇ ಮಾತು: ಪ್ರೊಸೆಸರ್ ಬದಲಿಸಬೇಕೋ ಬೇಡವೋ. ಚಿಕ್ಕೋಡಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಶಿವಾಜಿಯ ಗೆಳೆಯ ಸಮ್ಮೇದ ಫೋನಿನಲ್ಲೇ ಅದರ ರೋಗ ಕಂಡುಹಿಡಿದಿದ್ದ. "ವೈನಿ, ಅದರಾಗಿನ ಪ್ರೊಸೆಸರ್ ಭಾಳ ಸಣ್ಣದ್ರಿ. ಅದ ಬೋರ್ಡಿಗೆ ಕೂಡೋ ದೊಡ್ಡದು, ಯಾರೋ ವಾಪರಿಸಿ ಬಿಟ್ಟ ಹಳೇದು, ನಿಪ್ಪಾಣಿಯೊಳಗ ಒಂದ ಐತಿ. ಹಾಕಿದ್ರ ಕುದುರಿ ಓಡಿದಂಗ ಓಡತೈತಿ." ಮೈದುನ ಜ್ಞಾನದೇವ, "ಹಳೇ ಡಬ್ಬಿಗೆ ಯಾಕ ರೊಕ್ಕಾ ಸುರೀತೀರಿ, ಹೊಸಾದ ತಗೋರಿ" ಎಂದು ಬುದ್ಧಿ ಹೇಳಿ ಕಾಗವಾಡಕ್ಕೆ ಹೋಗಿದ್ದ. ಹೊಸದು ಎಲ್ಲಿಂದ ಬರಬೇಕೆಂದು ಹೇಳಿರಲಿಲ್ಲ. ಶಿವಾಜಿ ಇಬ್ಬರ ಮಾತಿಗೂ ತಲೆಯಾಡಿಸಿ, "ನೋಡೂಣು" ಎಂದಿದ್ದ. ಆ ಮಾತು ಕೇಳಿದಾಗಲೆಲ್ಲ ಉಜ್ವಲಾಗೆ ಮೈ ಉರಿಯುತ್ತಿತ್ತು.

ಒಂಬತ್ತಕ್ಕೆ ಮತ್ತೊಮ್ಮೆ ಫೈಲು ತೆಗೆಯಲು ಹಚ್ಚಿದಳು.

"ಎಷ್ಟಾತು?" ಎಂದಳು ಗಂಗೂಬಾಯಿ.

"ನೂರಕ್ಕ ನಾಕ್ರಿ ಮಾವಶಿ."

"ಆಗಳೂ ನಾಕ ಅಂದಿದ್ದಿ."

ಹನ್ನೊಂದೂವರೆಯ ಹೊತ್ತಿಗೆ ಹದಿನೆಂಟು ಆಗಿತ್ತು. ಗಂಗೂಬಾಯಿ ಕಾಲು ಚಾಚಿದವಳು ಚೀರಿ ಹಿಂದೆಗೆದಳು. "ಅಯ್ಯ! ಏನಬೇ ಇದು, ಡಬ್ಬಿ ಹಿಂದಿಂದ ಬೆಂಕಿಯಂಥಾ ಗಾಳಿ ಬರಾಕತ್ತೈತಿ. ಒಳಗ ಒಲಿ ಹಚ್ಚೀಯೇನು?"

ಅವಳ ಮಾತು ಮುಗಿಯುವುದಕ್ಕೂ ಪರದೆ ಕಪ್ಪಾಗುವುದಕ್ಕೂ ಸರಿಹೋಯಿತು.

ಉಜ್ವಲಾ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಗಂಡನಿಗೆ ಫೋನ್ ಹಚ್ಚಿದರೆ ಅವನು ಅಥಣಿಯಲ್ಲಿ ಒಂದು ಕೂಸಿನ ಮೊದಲ ಕೂದಲು ತೆಗೆಯುವ ಜಾವಳದ ಶೂಟಿಂಗಿನಲ್ಲಿದ್ದ, ಸಂಜೆ ಬರುತ್ತೇನೆಂದ. ಪೂರ್ತಿ ಕೇಳದೆ ಕತ್ತರಿಸಿ ಸಮ್ಮೇದನಿಗೆ ಹಚ್ಚಿದಳು.

"ಪ್ರೊಸೆಸರ್ ತರಸಲೇನ್ರಿ ವೈನಿ?"

"ಮೊದ್ಲ ಈ ಡಬ್ಬಿ ಯಾಕ ಸುಡಾಕತ್ತೈತಿ ಹೇಳಣ್ಣಾ."

"ಸುಡಾಕತ್ತೈತಿ? ಬಿಚ್ಚಿ ನೋಡೀರೇನ್ರಿ?"

"ನೀ ನೋಡೀಯೇನು?"

"ನನ್ನ ಕಡೆ ತಂದ ಇಲ್ಲಲ್ರಿ..."

"ಬಿಚ್ಚಿ ನೋಡದನ ಮೂರ ವಾರ ಪ್ರೊಸೆಸರ್ ಪ್ರೊಸೆಸರ್ ಅಂತ ಜಪಾ ಮಾಡ್ದಿ!"

ವೈರು ಕಿತ್ತು, ಸಮ್ಮೇದನನ್ನು ವಿಡಿಯೋ ಕಾಲಿನಲ್ಲಿ ಕೂರಿಸಿ ಡಬ್ಬಿಯ ಪಕ್ಕದ ಹಲಗೆ ತೆಗೆದಳು. ಗಂಗೂಬಾಯಿ ಗೊಣಗುತ್ತಲೇ ಬ್ಯಾಟರಿಯ ಬೆಳಕು ಹಿಡಿದಳು. ಫ್ಯಾನಿನ ಎಲೆಗಳಿಗೆ ಕುರಿಯ ಉಣ್ಣೆಯಂತೆ ಧೂಳು ಮೆತ್ತಿತ್ತು. ಪ್ರೊಸೆಸರಿನ ಮೇಲೆ ಒತ್ತಿ ಕೂರಬೇಕಾದ ಫ್ಯಾನಿನ ನಾಲ್ಕು ಕಾಲುಗಳಲ್ಲಿ ಒಂದು ಕಿತ್ತು ಮೇಲೆದ್ದು, ಇಡೀ ಫ್ಯಾನು ಒಂದು ಬದಿಗೆ ವಾಲಿತ್ತು.

"ಸಿಕ್ತ್ರಿ ವೈನಿ! ಕಾವು ಹೊರಗ ಹೋಗವಲ್ದು. ಅದಕ್ಕ ಪ್ರೊಸೆಸರ್ ತನ್ನ ವೇಗಾ ತಾನ ಇಳಿಸ್ಕೊಂಡೈತಿ. ತೀರಾ ಕಾದ್ರ ಬಂದ್ ಬೀಳತೈತಿ."

ಕಾಲು ಯಾವಾಗ ಕಿತ್ತಿತೆಂದು ಉಜ್ವಲಾಗೆ ಆಗ ಹೊಳೆಯಿತು. ದೀಪಾವಳಿಯಲ್ಲಿ ಅಂಗಡಿ ಬದಲಿಸುವಾಗ ಶಿವಾಜಿ ಕಂಪ್ಯೂಟರನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕಬ್ಬಿಣದ ಕಪಾಟಿನ ಮೇಲಿಟ್ಟು, ದಾರಿಯ ಒಂದು ಹೊಂಡವನ್ನೂ ಬಿಡದೆ ಹೊಡೆದುಕೊಂಡು ಬಂದಿದ್ದ.

ಹಲ್ಲು ಕಚ್ಚಿಕೊಂಡೇ ಧೂಳು ತೆಗೆದಳು. ಪಕ್ಕದ ಮೊಬೈಲ್ ಅಂಗಡಿಯಿಂದ ಕಾವು ದಾಟಿಸುವ ಪೇಸ್ಟ್ ಚೂರು ತಂದು, ಫ್ಯಾನು ಎತ್ತಿ, ಪ್ರೊಸೆಸರಿನ ಮೇಲೆ ಒಣಗಿದ್ದನ್ನು ಒರೆಸಿ ಹಚ್ಚಿದಳು. ಸಮ್ಮೇದ ಹೇಳಿದಂತೆ ಫ್ಯಾನು ಮತ್ತೆ ಇಟ್ಟು, ಕಿತ್ತಿದ್ದ ಕಾಲನ್ನು ಹೆಬ್ಬೆರಳಿನಿಂದ ಒತ್ತಿದಾಗ ಟಕ್ ಎಂದು ಕೂತಿತು.

ಈ ಸಲ ನಾಲ್ಕು ತಾಸು ಹತ್ತು ನಿಮಿಷಕ್ಕೆ ಮದುವೆ ಹೊರಬಂತು. ಉಜ್ವಲಾಗೆ ಖುಷಿಯಾಗಬೇಕಿತ್ತು. ಇಷ್ಟೇ ಇಷ್ಟಕ್ಕೆ ಮೂರು ವಾರ ಹೋಯಿತಲ್ಲ ಎಂದು ಸಿಟ್ಟೇ ಬಂತು. ಗಂಗೂಬಾಯಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ಓಡಿಸಿ ಓಡಿಸಿ ನೋಡಿ, ಕೊನೆಗೆ ಅಂದಳು, "ಇದರಾಗ ನಮ್ಮಣ್ಣ ಎಲ್ಲಿ ಅದಾನ? ಅನಂತಪುರದಿಂದ ಬಂದು ಸೀರಿ-ಕುಪ್ಪಸದ ಆಯೇರಿ ಮಾಡ್ಯಾನ. ಅವ ಇಲ್ಲದ ನಾ ಹ್ಯಾಂಗ ಒಯ್ಲಿ?"

ಅಷ್ಟರಲ್ಲಿ ಶಿವಾಜಿ ಬಂದ. ಸಂಗತಿ ಕೇಳಿ ನಗುತ್ತ, "ನಾ ಹೇಳಿದ್ದಿಲ್ಲ? ಪ್ರೊಸೆಸರ್ ಗಿಸೆಸರ್ ಏನೂ ಬೇಕಾಗಿಲ್ಲಂತ" ಎಂದ.

"ಯಾವಾಗ ಹೇಳಿದ್ರಿ?" ಎಂದಳು ಉಜ್ವಲಾ. "ಟ್ರೇಲರಿನ್ಯಾಗ ಕುಣಿಸ್ಕೋತ ತರೂವಾಗ ಹೇಳಿದ್ರೇನು?"

ಶಿವಾಜಿ ಕ್ಯಾಮೆರಾದ ಬ್ಯಾಗು ಇಡುವ ನೆಪದಲ್ಲಿ ಒಳಗೆ ಹೋದ. ಉಜ್ವಲಾ ಸಮ್ಮೇದನಿಗೆ ಫೋನ್ ಮಾಡಿ ನಿಪ್ಪಾಣಿಯದು ಬೇಡವೆಂದಳು. ಈ ಬೋರ್ಡು ಇರುವಷ್ಟು ದಿನ ಇದೇ ಸಾಕು, ಅದು ಹೋದ ದಿನ ಪೂರ್ತಿ ಹೊಸದೇ ಬರಲಿ. ನಡುವೆ ಇನ್ನೊಬ್ಬರ ಹಳೆಯದನ್ನು ಇದಕ್ಕೆ ತುರುಕುವುದು ಬೇಡ.

ಆಮೇಲೆ ಕುರ್ಚಿ ಎಳೆದುಕೊಂಡು, ಶೂಟಿಂಗಿನ ರಾಶಿಯಲ್ಲಿ ಗಂಗೂಬಾಯಿಯ ಅಣ್ಣನನ್ನು ಹುಡುಕತೊಡಗಿದಳು.

"ತಲಿಗೆ ಪಟಕಾ ಸುತ್ಯಾನ ನೋಡ" ಎಂದಳು ಗಂಗೂಬಾಯಿ.

ಪರದೆಯ ತುಂಬ ಪಟಕಾ ಸುತ್ತಿದವರೇ ಇದ್ದರು.