ಅತ್ತೆ ಆರಿಸಿದ ಫ್ಯಾನು

ನಮ್ಮ ಮನೆಯಲ್ಲಿ ಪದ ಹೇಳುವುದಕ್ಕೆ ಒಂದು ಕಟ್ಟುಪಾಡಿದೆ. ಶುರು ಮಾಡಿದವರೇ ಮುಗಿಸಬಾರದು. ನಾಲ್ಕು ಸಾಲಿನಲ್ಲಿ ಮೂರನ್ನು ಒಬ್ಬರು ಹೇಳಿದರೆ, ಮನೆದೇವರು ಜೇನುಕಲ್ಲ ಸಿದ್ಧಯ್ಯನ ಹೆಸರು ಬರುವ ಕೊನೆಯ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳಬೇಕು. ಈ ಪದಗಳನ್ನು ಕಟ್ಟಿದ್ದು ನಮ್ಮ ಮಾವ ಚನ್ನಬಸವಯ್ಯನವರ ಅಜ್ಜಿ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ರಾಗಿ ಬೀಸುತ್ತಾ ಕಟ್ಟಿದರಂತೆ. ಎದುರು ಕೂತು ಬೀಸುವವಳು ಮುಗಿಸುತ್ತಿದ್ದಳಂತೆ. ಬೀಸುವ ಕಲ್ಲು ಮೂಲೆ ಸೇರಿದರೂ ಕಟ್ಟುಪಾಡು ಉಳಿಯಿತು.

ಸಂಜೆ ಲಿಂಗಪೂಜೆ ಮುಗಿಸಿ ಮಾವ ದೇವರ ಕೋಣೆಯಲ್ಲಿ ಮೂರು ಸಾಲು ಹೇಳಿ ನಿಲ್ಲಿಸುತ್ತಿದ್ದರು. ನಮ್ಮತ್ತೆ ರುದ್ರಮ್ಮ ಒಲೆಯ ಮುಂದಿರಲಿ, ಕೊಟ್ಟಿಗೆಯಲ್ಲಿರಲಿ, ನಾಲ್ಕನೆಯದನ್ನು ಅಲ್ಲಿಂದಲೇ ಹೇಳುತ್ತಿದ್ದರು. ನಲವತ್ತಾರು ವರ್ಷ ಹೀಗೆ. ಬೇರೆ ಹೊತ್ತಿನಲ್ಲಿ ಅವರಿಬ್ಬರೂ ಹೆಚ್ಚು ಮಾತಾಡಿದ್ದನ್ನು ನಾನು ಕಂಡಿಲ್ಲ. ನನ್ನ ತವರೂರು ಗಂಡಸಿಯಿಂದ ಈ ಮನೆಗೆ ಸೊಸೆಯಾಗಿ ಬಂದ ಮೊದಲ ಸಂಜೆ, ಪರಕೀಯಳಂತೆ ಗೋಡೆಗೊರಗಿ ಕೂತಿದ್ದ ನನಗೆ ಆ ಎರಡು ದನಿಗಳು ಒಂದನ್ನೊಂದು ಮುಟ್ಟಿದ್ದು ಕೇಳಿ, ಇಲ್ಲಿ ಬಾಳಬಹುದು ಅನ್ನಿಸಿತ್ತು.

ಅತ್ತೆ ಅಟ್ಟದ ಏಣಿಯಿಂದ ಜಾರಿ ಸೊಂಟ ಮುರಿದುಕೊಂಡದ್ದು ಎರಡು ಸಾವಿರದ ಮೂರರಲ್ಲಿ. ಅಟ್ಟದಲ್ಲಿ ಹನ್ನೊಂದು ತಿಂಗಳು ಒಣಗಲು ಬಿಟ್ಟ ಕಾಯಿಗಳನ್ನು ಕಿವಿಯ ಹತ್ತಿರ ಕುಲುಕಿ, ಯಾವುದು ಕೊಬ್ಬರಿಯಾಗಿದೆ, ಯಾವುದು ಇನ್ನೂ ಹಸಿ ಎಂದು ಹೇಳುವುದು ಅವರ ಕೆಲಸ. ಅವರ ಕಿವಿ ತಪ್ಪಿದ್ದೇ ಇಲ್ಲವೆಂದು ಕೊಬ್ಬರಿ ಮಂಡಿಯಲ್ಲೂ ಮಾತು. ಆಪರೇಷನ್ ಆದರೂ ಅವರು ಮಂಚ ಬಿಟ್ಟು ಏಳಲಿಲ್ಲ.

ಅದೇ ವರ್ಷ ನಾನು ಕಂಪ್ಯೂಟರ್ ತಂದೆ. ಅರಸೀಕೆರೆಯ ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡುವ ಕೆಲಸ ಸಿಕ್ಕಿತ್ತು. ಮನೆಯಲ್ಲಿ ಅರ್ಥಿಂಗ್ ಸರಿಯಿದ್ದ ಪ್ಲಗ್ ಇದ್ದದ್ದು ಪಡಸಾಲೆಯಲ್ಲಿ ಒಂದೇ. ಒಂದು ಬದಿಗೆ ದೇವರ ಕೋಣೆ, ಇನ್ನೊಂದು ಬದಿಗೆ ಅತ್ತೆಯ ಕೋಣೆ, ನಡುವೆ ನನ್ನ ಮೇಜು. ಹಗಲೆಲ್ಲ ಕರೆಂಟ್ ಇರುತ್ತಿರಲಿಲ್ಲ. ಆರು ಗಂಟೆಗೆ ಬರುತ್ತಿತ್ತು. ಬಂದ ಕೂಡಲೇ ನಾನು ಕೂರಬೇಕು. ಕ್ಯಾಬಿನೆಟ್ಟಿನೊಳಗಿನ ಎರಡು ಪುಟ್ಟ ಫ್ಯಾನುಗಳು ಕಾಯಿ ಸುಲಿದ ನಾರಿನ ಧೂಳು ಕುಡಿದು ಕುಡಿದು ಕೀರಲು ದನಿಯಲ್ಲಿ ಕಿರುಚುತ್ತಿದ್ದವು. ನನಗೆ ಅದು ಅಭ್ಯಾಸವಾಗಿಹೋಯಿತು. ನನ್ನ ತಪ್ಪು ಅದೇ.

ಒಂದು ಬೆಳಿಗ್ಗೆ ಮಾವ, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಳ್ಳುತ್ತಾ, "ದ್ರಾಕ್ಷಾಯಣಿ, ನಿಮ್ಮತ್ತೆಗೆ ಪದ ಮರೀತಾ ಐತೆ ಕಣವ್ವ," ಅಂದರು.

"ಯಾಕ್ ಮಾವ?"

"ನಾನು ನಿಲ್ಲುಸ್ತೀನಿ, ಅವಳು ಎತ್ಕಳಲ್ಲ. ಎರಡು ತಿಂಗಳಾತು. ನೀನೇನೂ ಕೇಳಕ್ಕೋಗ್ಬೇಡ. ನೊಂದ್ಕತಾಳೆ."

ಅಷ್ಟು ಹೇಳಿ ಮಂಡಿಗೆ ಹೊರಟರು. ಅತ್ತೆಗೆ ಮರೆವೇ? ಮುನ್ನಾ ದಿನವಷ್ಟೇ ನನ್ನ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರೆಂದು ಹೇಳಿದ್ದರು.

ಮೂರು ದಿನದ ನಂತರ ಸಂಜೆ ಏಳಕ್ಕೆ ಇದ್ದಕ್ಕಿದ್ದಂತೆ ಕರೆಂಟ್ ಹೋಯಿತು. ಕಂಪ್ಯೂಟರ್ ಉಸಿರು ನಿಲ್ಲಿಸಿತು. ಆ ನಿಶ್ಶಬ್ದದಲ್ಲಿ ದೇವರ ಕೋಣೆಯಲ್ಲಿ ಮಾವ ಸುಮ್ಮನೆ ಕಾಯುತ್ತಿರುವುದು ನನಗೆ ಕೇಳಿಸಿತು. ಕಾಯುವುದು ಕೇಳಿಸುತ್ತದೆಯೇ ಅಂದರೆ, ಪದದ ಮನೆಯಲ್ಲಿ ಬಾಳಿದವರಿಗೆ ಕೇಳಿಸುತ್ತದೆ. ಕೊನೆಯ ಸಾಲು ನನ್ನ ನಾಲಿಗೆಯ ತುದಿಗೇ ಬಂತು. ಆದರೆ ಅದು ಅತ್ತೆಯ ಸಾಲು. ಸ್ವಲ್ಪ ಹೊತ್ತಾದ ಮೇಲೆ ಮಾವ ತಾವೇ, ತಗ್ಗಿದ ದನಿಯಲ್ಲಿ, ಮಾಡಬಾರದ್ದನ್ನು ಮಾಡಿದವರಂತೆ, ಅದನ್ನು ಹೇಳಿ ಮುಗಿಸಿದರು.

ಅತ್ತೆಯ ಕೋಣೆಯಿಂದ, "ದ್ರಾಕ್ಷಾಯಣಿ, ಅವ್ರಾ ಹೇಳ್ತಿರಾದು?"

ಲಾಟೀನು ಹಿಡಿದು ಒಳಗೆ ಹೋದೆ. ಅತ್ತೆ ಮೊಣಕೈ ಊರಿ ತಲೆಯೆತ್ತಿದ್ದರು.

"ದಿನಾ ಹೇಳ್ತಾರತ್ತೆ."

"ದಿನಾನಾ? ನಾನು ಮಂಚ ಹಿಡಿದ್ಮೇಲೆ ಬಿಟ್ಬುಟ್ರು ಅಂದ್ಕಂಡಿದ್ದೆ. ಎದ್ದು ಬರಕ್ಕಾಗ್ದೋಳಿಗೆ ಏನು ಪದ ಅಂತ." ಸೆರಗಿನಿಂದ ಬಾಯಿ ಒರೆಸಿಕೊಂಡರು. ಬಾಯಿ ಒದ್ದೆಯಾಗಿರಲಿಲ್ಲ.

"ಈ ಫ್ಯಾನಿನ ಸದ್ದಿಗೆ ಕೇಳ್ಸಿಲ್ಲ ನಿಮ್ಗೆ. ನಾಳೆಯಿಂದ ಆ ಹೊತ್ತಿಗೆ ಆಫ್ ಮಾಡ್ತೀನಿ."

"ಬೇಡ ಕಣವ್ವ. ಇರಾದೇ ಎರಡು ಗಂಟೆ ಕರೆಂಟು. ನಿನ್ನ ಕೆಲ್ಸ ನಿಲ್ಬಾರ್ದು. ಅವ್ರಿಗೂ ಹೇಳ್ಬೇಡ. ಹೇಳಿದ್ರೆ ಅರಚ್ತಾರೆ. ಅರಚೋ ಪದ ಅಲ್ಲ ಅದು."

ಇಬ್ಬರೂ ಹೇಳಬೇಡ ಅಂದವರೇ. ಉಳಿದದ್ದು ಫ್ಯಾನು ಬದಲಿಸುವುದೊಂದೇ.

ಅರಸೀಕೆರೆಯ ಬಿ.ಎಚ್. ರೋಡಿನಲ್ಲಿ ಮರಿಯಣ್ಣನ ಕಂಪ್ಯೂಟರ್ ಅಂಗಡಿ. ಅವನು ಒಂದು ಫ್ಯಾನು ತಿರುಗಿಸಿ ತೋರಿಸಿ, "ನೋಡಿ ಮೇಡಂ, ಸೈಲೆಂಟು. ತಿರುಗ್ತಿದ್ಯೋ ಇಲ್ವೋ ಅಂತ ಬೆರಳಿಟ್ಟು ನೋಡ್ಬೇಕು," ಅಂದ. ನನಗೂ ಏನೂ ಕೇಳಿಸಲಿಲ್ಲ. ತಂದು ಹಾಕಿಸಿದರೆ ಹಳೆಯದರ ತಂಗಿಯಂತೆ ಕಿರುಚಿತು. ಅಂಗಡಿಯ ಮುಂದೆ ಲಾರಿಗಳ ಸಾಲು ಹೋಗುತ್ತಿದ್ದುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆ ಗದ್ದಲದಲ್ಲಿ ಯಾವ ಫ್ಯಾನು ತಾನೇ ಕೇಳಿಸೀತು?

ಮರುದಿನ ಮತ್ತೆ ಹೋಗಿ, "ನಾಲ್ಕೈದು ಕೊಡಿ, ಮನೇಲಿ ಕೇಳಿ ಆರಿಸ್ತೀವಿ," ಅಂದೆ.

"ಮೇಡಂ, ಫ್ಯಾನೇನು ಸೀರೇನ, ಮನೇಗ್ ತಗೊಂಡೋಗಿ ಹೆಗಲ ಮೇಲೆ ಹಾಕ್ಕೊಂಡು ನೋಡಕ್ಕೆ?"

"ಆರಿಸೋರು ನಾನಲ್ಲ. ನಮ್ಮತ್ತೆ. ಅವ್ರು ಅಂಗಡಿಗೆ ಬರೋ ಹಾಗಿಲ್ಲ."

ಅವನು ನಗು ನಿಲ್ಲಿಸಿದ. ರುದ್ರಮ್ಮನವರ ಕಿವಿ ಅವನಿಗೂ ಗೊತ್ತಿತ್ತು. ಅವನ ಅಪ್ಪ ಕೊಬ್ಬರಿ ದಲ್ಲಾಳಿ. ಮೂರು ಸಣ್ಣ ಫ್ಯಾನು ಕಟ್ಟಿಕೊಟ್ಟ. ಅಂಗೈಗಿಂತ ಅಗಲದ ಇನ್ನೊಂದನ್ನು ಮೂಲೆಯಿಂದ ಎಳೆದು ಧೂಳು ಊದಿ, "ಇದನ್ನೂ ಇಟ್ಕೊಳಿ. ಯಾವ ಕ್ಯಾಬಿನೆಟ್ಟಿಗೂ ಕೂರಲ್ಲ, ಬಂದಾಗಿಂದ ಇಲ್ಲೇ ಬಿದ್ದೈತೆ," ಅಂದ.

ಭಾನುವಾರ ಮಾವ ಗಂಡಸಿಯ ಕಡೆ ತೋಟ ನೋಡಲು ಹೋಗಿದ್ದರು. ನನ್ನ ಗಂಡ ಚನ್ನೇಶ್ ತಮ್ಮ ಸ್ಕೂಟರಿನ ಬ್ಯಾಟರಿ ಬಿಚ್ಚಿ ಅತ್ತೆಯ ಕೋಣೆಗೆ ತಂದರು. ಈ ಫ್ಯಾನುಗಳು ಓಡುವುದೂ ಹನ್ನೆರಡು ವೋಲ್ಟಿನಲ್ಲೇ. ಕೆಂಪು ವೈರು, ಕಪ್ಪು ವೈರು ಮುಟ್ಟಿಸಿದರೆ ಸಾಕು. ಮೊದಲು ಒಂದೊಂದನ್ನೇ ಅತ್ತೆಯ ಕಿವಿಯ ಹತ್ತಿರ ಹಿಡಿದೆ.

"ಇದು ಹಸಿ," ಅಂದರು ಮೊದಲನೆಯದಕ್ಕೆ. "ಸದ್ದು ಒಂದೇ ಸಮ ಇಲ್ಲ."

ಎರಡನೆಯದಕ್ಕೆ ಹುಬ್ಬು ಗಂಟಿಕ್ಕಿ, "ಒಳಗೇನೋ ಗಲಗಲ ಅಂತೈತೆ. ಇವತ್ತು ಸಣ್ಣದು, ನಾಳೆ ದೊಡ್ಡದು."

ಮೂರನೆಯದು ನಿಜಕ್ಕೂ ಮೆತ್ತಗಿತ್ತು. ಚನ್ನೇಶ್ ಹಿಗ್ಗಿ, "ಇದೇ ಕಣಮ್ಮ!" ಅಂದರು. ಅತ್ತೆ ಅದರ ಮುಂದೆ ತಮ್ಮ ಸೆರಗಿನ ತುದಿ ಹಿಡಿದರು. ಸೆರಗು ಅಲುಗಲಿಲ್ಲ.

"ಜೊಳ್ಳು. ಗಾಳೀನೇ ಇಲ್ಲ. ಇವಳ ಮಿಷನ್ನು ಬೆಂದೋಗ್ತದೆ."

ನಾಲ್ಕನೆಯದು ಆ ಅಗಲದ್ದು. ನಿಧಾನವಾಗಿ ತಿರುಗಿತು. ಸದ್ದು ಮೂರನೆಯದಕ್ಕಿಂತ ಹೆಚ್ಚೇ ಇತ್ತು. ಆದರೆ ದಪ್ಪ, ತಗ್ಗಿನ ಸದ್ದು, ದೂರದಲ್ಲಿ ಯಾರೋ ರಾಗಿ ಬೀಸುತ್ತಿರುವಂತೆ. ಸೆರಗು ಪಟಪಟನೆ ಹಾರಿತು. ಅತ್ತೆ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು.

"ಇದನ್ನ ಮೇಜಿನ್ ಮ್ಯಾಲಿಟ್ಟು ತಿರುಗ್ಸವ್ವ. ಚನ್ನೇಶ, ನೀನು ದೇವ್ರ ಕೋಣೇಗ್ ಹೋಗು. ನಿಮ್ಮಪ್ಪ ಹೇಳೋ ಹಂಗೆ ಮೆತ್ತಗೆ ಒಂದು ಪದ ಹೇಳು."

"ಅಯ್ಯೋ, ನಂಗೆ ರಾಗ ಬರಲ್ಲಮ್ಮ."

"ನಿಮ್ಮಪ್ಪಂಗೆ ಬತ್ತದಾ? ಹೋಗ್ಲಾ."

ಚನ್ನೇಶ್ ಹೋಗಿ, ಗಂಟಲು ಸರಿಮಾಡಿಕೊಂಡು, ಶಾಲೆಯ ಹುಡುಗನಂತೆ ಶುರುಮಾಡಿದರು:

ಎಣ್ಣೆ ತೀರಿದರೇನು, ಬತ್ತಿ ಬಿಸಿಯಾರಿಲ್ಲ
ಅಂಗಳ ಗುಡಿಸಿಟ್ಟ ಕೈಯಿನ್ನೂ ತೊಳೆದಿಲ್ಲ
ಬಾಗಿಲು ತೆರೆದೈತೆ, ಬರುವವನು ಬಂದಾನು

ನಿಲ್ಲಿಸಿದರು. ಅತ್ತೆ ಮಂಚದಿಂದಲೇ, ಬಾಗಿಲಾಚೆ ಮೇಜಿನ ಬಳಿ ನಿಂತಿದ್ದ ನನ್ನ ಕಡೆ ನೋಡಿದರು. ನಾನೂ ಅವರನ್ನೇ ನೋಡಿದೆ.

"ನನ್ನ ಮಕ ಏನ್ ನೋಡ್ತಿಯಾ? ಅವ್ನಿಗೆ ಮುಗ್ಸೋಳು ನೀನೇ ತಾನೆ?"

ಮದುವೆಯಾಗಿ ಏಳು ವರ್ಷದಲ್ಲಿ ಇಂಥ ಸಂದರ್ಭ ಬಂದಿರಲಿಲ್ಲ. ಮೆತ್ತಗೆ ಎತ್ತಿಕೊಂಡೆ. "ಹೆಜ್ಜೆಸಪ್ಪಳ ನೀಡು, ಜೇನುಕಲ್ಲ ಸಿದ್ಧಯ್ಯ." ದೇವರ ಕೋಣೆಯ ಬಾಗಿಲಲ್ಲಿ ಚನ್ನೇಶ್ ಇಣುಕಿದರು. ಮುಖ ಕೆಂಪಾಗಿತ್ತು.

"ಇದೇ ಇರ್ಲಿ," ಅಂದರು ಅತ್ತೆ. "ಸದ್ದು ಕೆಳಗೈತೆ. ದನಿ ಅದ್ರ ಮ್ಯಾಲೆ ಹಾದು ಬತ್ತದೆ. ಮಿಕ್ಕವು ದನಿ ಮ್ಯಾಲೇ ಕೂತ್ಕತವೆ."

ಕ್ಯಾಬಿನೆಟ್ಟಿಗೆ ಕೂರದ ಫ್ಯಾನನ್ನು ಕೂರಿಸಿದ್ದು ಪೇಟೆಯ ತಗಡಿನ ಕೆಲಸದವರು. ಪಕ್ಕದ ತಗಡನ್ನು ದುಂಡಗೆ ಕತ್ತರಿಸಿಕೊಟ್ಟರು. ತಗಡು ಅದುರದಂತೆ ನಾಲ್ಕು ಸ್ಕ್ರೂಗಳಿಗೂ ಚನ್ನೇಶ್ ಸೈಕಲ್ ಟ್ಯೂಬಿನ ಚೂರು ಕೊಟ್ಟು ಬಿಗಿದರು. ಕಿರುಚುತ್ತಿದ್ದ ಸಣ್ಣವೆರಡನ್ನೂ ಕಿತ್ತೆವು. ಕ್ಯಾಬಿನೆಟ್ಟಿನ ಹಿಂದೆ ಕರೆಂಟಿನ ಡಬ್ಬಿಯೊಳಗಿದ್ದ ಇನ್ನೊಂದು ಫ್ಯಾನಿಗೆ ಮರಿಯಣ್ಣನೇ ಬಂದು ಹೊಲಿಗೆ ಮಿಷನ್ನಿನ ಎಣ್ಣೆ ಎರಡು ಹನಿ ಬಿಟ್ಟು, ಅತ್ತೆಗೆ ಕೈಮುಗಿದು ಹೋದ.

ಸೋಮವಾರ ಆರಕ್ಕೆ ಕರೆಂಟ್ ಬಂತು. ಏಳನೆಯ ತರಗತಿಯ ಸಮಾಜದ ಪ್ರಶ್ನೆಪತ್ರಿಕೆ ಟೈಪ್ ಮಾಡಲು ಕೂತೆ. ಮಾವ ಯಾವತ್ತಿನಂತೆ ಕಾಲು ತೊಳೆದು, ನನ್ನ ಬೆನ್ನ ಹಿಂದೆ ಹಾದು ದೇವರ ಕೋಣೆಗೆ ಹೋದರು. ಕಂಪ್ಯೂಟರಿನ ಕಡೆ ನೋಡಲೂ ಇಲ್ಲ. ಪೂಜೆ ಮುಗಿಯಿತು. ಎಣ್ಣೆ ತೀರಿದರೇನು ಎಂದು ಶುರುವಾಯಿತು. ಕೀಲಿಗಳ ಮೇಲೆ ನನ್ನ ಬೆರಳು ನಿಂತೇಹೋದವು. ಮೂರನೆಯ ಸಾಲು ಮುಗಿದು, ಮಾವ ನಿಲ್ಲಿಸಿದರು. ಮೊದಲಿನಷ್ಟು ಹೊತ್ತು ಕಾಯುವ ಆಸೆ ಅವರಲ್ಲಿ ಉಳಿದಿರಲಿಲ್ಲ. ಆಗಲೇ ತಾವೇ ಮುಗಿಸಲು ಉಸಿರು ಎಳೆದುಕೊಳ್ಳುತ್ತಿದ್ದರು.

"ಹೆಜ್ಜೆಸಪ್ಪಳ ನೀಡು, ಜೇನುಕಲ್ಲ ಸಿದ್ಧಯ್ಯ," ಎಂದಿತು ಮಂಚದ ಕಡೆಯ ದನಿ.

ದೇವರ ಕೋಣೆಯಿಂದ ಮುಂದಿನ ಪದ ಬರಬೇಕಿತ್ತು, ಬರಲಿಲ್ಲ. ಫ್ಯಾನು ತನ್ನ ಪಾಡಿಗೆ ತಗ್ಗಿನಲ್ಲಿ ಬೀಸುತ್ತಿತ್ತು.

"ಯಾಕ್ ನಿಲ್ಸುದ್ರಿ?" ಅಂದರು ಅತ್ತೆ. "ಎರಡ್ನೇ ಸಾಲ್ನಾಗೆ 'ಇನ್ನೂ' ಅನ್ನಾದ್ನ ನುಂಗ್ಬುಟ್ರಿ."

ಮಾವ ಮೂಗೆಳೆದುಕೊಂಡದ್ದು ಕೇಳಿಸಿತು. "ನುಂಗ್ಲಿಲ್ಲ ಕಣೇ. ನಿಂಗೇ ಕೇಳಿಲ್ಲ."

"ಕೇಳ್ತು. ಅದ್ಕೇ ಹೇಳ್ತಿರಾದು. ಮೊದ್ಲಿಂದ ಹೇಳಿ."

ಮಾವ ಮೊದಲಿನಿಂದ ಶುರು ಮಾಡಿದರು.